ಕಕ್ಕಡದ ಕೊಡಗಿನಲ್ಲಿ ದೊಡ್ಡಮ್ಮನ ಜೊತೆ

ಬುಧವಾರ, ಮಡಿಕೇರಿ

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ರಸ್ತೆ. ಪ್ರವಾಸಿಗರಿಗೆ ಇದು ನಡುವೆ ಒಂದು ಕಡೆ ಕಾಫಿ ಕುಡಿದು ಮುಗಿಸುವ ದಾರಿ. ನನ್ನ ದೊಡ್ಡಮ್ಮ ಮಾತ್ರ ಇದನ್ನು ಯಾವಾಗಲೂ ತಿರುಗುಮುರುಗಾಗಿ ಅಳೆಯುತ್ತಾರೆ: ಮಡಿಕೇರಿಯಿಂದ ಮೈಸೂರಿಗೆ, ಆಂಬುಲೆನ್ಸಿನಲ್ಲಿ, ಮಲಗಿದ ರೋಗಿಯ ಪಕ್ಕದಲ್ಲಿ ಕುಳಿತು. “ಸುಂಟಿಕೊಪ್ಪ ದಾಟುವವರೆಗೂ ತಿರುವು. ಕುಶಾಲನಗರ ಬಂತು ಅಂದರೆ ನಮಗೂ ಉಸಿರು ಬರುತ್ತಿತ್ತು” ಎಂದರು, ಸೆರಗಿನಿಂದ ಬಸ್ಸಿನ ಗಾಜು ಒರೆಸುತ್ತಾ.

ದೊಡ್ಡಮ್ಮ ಈ ಜಿಲ್ಲೆಯ ಹಳ್ಳಿಗಳಲ್ಲಿ ಎ.ಎನ್.ಎಂ., ಅಂದರೆ ಲಸಿಕೆ, ಹೆರಿಗೆ ನೋಡಿಕೊಳ್ಳುವ ಸರ್ಕಾರಿ ದಾದಿ, ಆಗಿ ಕೆಲಸ ಮಾಡಿ ನಿವೃತ್ತರಾದವರು. ಊರವರಿಗೆ ಅವರ ಹೆಸರು ಗೊತ್ತಿಲ್ಲ, ‘ಸಿಸ್ಟರ್’ ಅಷ್ಟೇ. ಹಳೆಯ ಜಾಗಗಳನ್ನು ಒಮ್ಮೆ ನೋಡಿ ಬರಬೇಕೆಂದು ಅವರು ಹೇಳಿದಾಗ ನಾನು ಡಿಸೆಂಬರ್ ಸೂಚಿಸಿದ್ದೆ. ಕಾಫಿ ಹಣ್ಣಾಗಿರುತ್ತದೆ, ಚಳಿ ಹಿತವಾಗಿರುತ್ತದೆ. ಅವರು ಒಪ್ಪಲಿಲ್ಲ. “ಡಿಸೆಂಬರಿನಲ್ಲಿ ನೋಡಿದರೆ ಎಲ್ಲ ಊರಿಗೂ ಎಲ್ಲವೂ ಇದೆ ಎಂದೇ ಕಾಣುತ್ತದೆ. ನೋಡುವುದಾದರೆ ಕಕ್ಕಡದಲ್ಲಿ ನೋಡಬೇಕು.” ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಕೊಡವರು ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಗದ್ದೆಯಲ್ಲಿ ನಾಟಿ, ಮೇಲೆ ಮಳೆ, ಮನೆಯಲ್ಲಿ ಬೇಸಿಗೆಯಲ್ಲೇ ಕೂಡಿಟ್ಟ ಸೌದೆ ಮತ್ತು ಒಣಮೀನು. ಪೇಟೆಗೆ ಹೋಗುವ ಅಗತ್ಯವೇ ಬಾರದಂತೆ ಬದುಕನ್ನು ಹೊಂದಿಸಿಕೊಳ್ಳುವ ತಿಂಗಳು. ಆದರೆ ಜ್ವರಕ್ಕೆ, ಹೆರಿಗೆಗೆ, ಹಾವಿಗೆ ಪಂಚಾಂಗ ಗೊತ್ತಿರುವುದಿಲ್ಲವಲ್ಲ.

ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಜಿಲ್ಲಾಸ್ಪತ್ರೆ ಅದರ ಬೋಧಕ ಆಸ್ಪತ್ರೆಯಾಗಿದೆ. ಆದರೂ 2019ರ ಜೂನ್‌ನಲ್ಲಿ ಜಿಲ್ಲೆಯ ಜನ ‘ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಎಂದು ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಬೇಕಾಯಿತು. ತಲೆಗೆ ಪೆಟ್ಟಾದವರು, ಹೃದಯಾಘಾತವಾದವರು ಮೈಸೂರಿನ ಅಥವಾ ಮಂಗಳೂರಿನ ದಾರಿಯಲ್ಲೇ ತೀರಿಕೊಂಡ ಸುದ್ದಿ ಇಲ್ಲದ ಕುಟುಂಬ ಇಲ್ಲಿ ಅಪರೂಪ ಎಂಬುದು ದೊಡ್ಡಮ್ಮನ ಮಾತು.

ರಾತ್ರಿ ವಸತಿಗೃಹದಲ್ಲಿ ವಿದ್ಯುತ್ ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ನಾನೊಂದು ಲೆಕ್ಕ ಹಾಕಿದೆ. ಸಮತಟ್ಟು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಎಂಬುದು ಸರ್ಕಾರದ ಮಾನದಂಡ. ಕೇಳಲು ಗುಡ್ಡದವರಿಗೆ ರಿಯಾಯಿತಿ ಕೊಟ್ಟಂತಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನ, ಕೊಡಗಿನಲ್ಲಿ 135. ಅಂದರೆ ರಾಜ್ಯದ ಸರಾಸರಿಯಲ್ಲಿ ಮೂವತ್ತು ಸಾವಿರ ಜನ 94 ಚದರ ಕಿಲೋಮೀಟರಿನಲ್ಲಿ ಸಿಗುತ್ತಾರೆ. ಕೊಡಗಿನಲ್ಲಿ ಇಪ್ಪತ್ತು ಸಾವಿರ ಜನ ಸೇರಬೇಕಾದರೆ 148 ಚದರ ಕಿಲೋಮೀಟರ್ ಬೇಕು. ರಿಯಾಯಿತಿ ಕೊಟ್ಟ ಮೇಲೂ ಗುಡ್ಡದ ಕೇಂದ್ರಕ್ಕೆ ಒಂದೂವರೆ ಪಟ್ಟು ನೆಲ. ಅದೂ ಏರು ಇಳಿವಿನ ನೆಲ. ದೊಡ್ಡಮ್ಮನಿಗೆ ಓದಿ ಹೇಳಿದೆ. “ಇದನ್ನು ತಿಳಿಯಲು ನಿನಗೆ ಕ್ಯಾಲ್ಕುಲೇಟರ್ ಬೇಕಾಯಿತೇ?” ಎಂದು ಕೇಳಿ ಮಗ್ಗುಲು ಬದಲಿಸಿದರು.

ಗುರುವಾರ, ಮಾದಾಪುರದಿಂದ ಮೇಲೆ

ದೊಡ್ಡಮ್ಮ ಬೇಕೆಂದೇ ಗುರುವಾರ ಆರಿಸಿಕೊಂಡಿದ್ದರು. ನಮ್ಮಲ್ಲಿ ಗುರುವಾರ ಲಸಿಕೆಯ ದಿನ.

ಮಕ್ಕಂದೂರು, ಹಟ್ಟಿಹೊಳೆ ಮೂಲಕ ಮಾದಾಪುರಕ್ಕೆ ಹೋಗುವ ಖಾಸಗಿ ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ದೊಡ್ಡಮ್ಮ ನಗುತ್ತಲೇ ಆಧಾರ್ ಕಾರ್ಡ್ ಮುಂದೆ ಹಿಡಿದರು, ನಿರ್ವಾಹಕನೂ ನಗುತ್ತಲೇ ಟಿಕೆಟ್ ಹರಿದು ಕೊಟ್ಟ. ಕೊಡಗಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸು ನಿಲ್ಲುವಲ್ಲಿಂದ ಮೇಲಕ್ಕೆ ಜೀಪು, ಜೀಪು ನಿಲ್ಲುವಲ್ಲಿಂದ ಕಾಲು. ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚುವವನು, ಆದರೆ ಅದರ ಉಚಿತ ಟಿಕೆಟ್ಟು ಜೀಪಿನ ಬಾಗಿಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ಬಂದದ್ದು ಈ ಸೀಮೆಯಲ್ಲಿ. ಮಕ್ಕಂದೂರು, ಮುವತ್ತೊಕ್ಲು, ಕಾಲೂರು, ಆ ಕಡೆ ಮದೆನಾಡು, ಜೋಡುಪಾಲ. ಹಸಿರು ಮತ್ತೆ ಹಬ್ಬಿದೆ. ಆದರೂ ಎಲ್ಲಿ ಮರಗಳೆಲ್ಲ ಒಂದೇ ಎತ್ತರಕ್ಕೆ ಎಳೆಯವಾಗಿ ನಿಂತಿವೆಯೋ ಅಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದಿತ್ತು ಎಂದು ದೊಡ್ಡಮ್ಮ ಬೊಟ್ಟು ಮಾಡಿ ತೋರಿಸಿದರು. ರಸ್ತೆ ಬದಿಯ ಕಾಂಕ್ರೀಟ್ ತಡೆಗೋಡೆಗಳು ಆಮೇಲಿನವು.

ಮಾದಾಪುರದಲ್ಲಿ ದೊಡ್ಡಮ್ಮನ ಕೈಕೆಳಗೆ ಕೆಲಸ ಕಲಿತ ಸಿಸ್ಟರ್ ಕಾದಿದ್ದರು. ಈಗ ಹುದ್ದೆಯ ಹೆಸರು ಉದ್ದವಾಗಿದೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಭುಜದಲ್ಲಿ ಅದೇ ನೀಲಿ ಲಸಿಕೆ ಪೆಟ್ಟಿಗೆ. ಗರ್ವಾಲೆ, ಸೂರ್ಲಬ್ಬಿ ದಿಕ್ಕಿನ ಒಂದು ಊರಿಗೆ ಹೊರಟೆವು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಮನಬಿಚ್ಚಿ ಮಾತಾಡಿದ್ದಾರೆ. ಜೀಪಿನಲ್ಲಿ ಎಂಟು ಮಂದಿ, ಎರಡು ಮೂಟೆ ರಸಗೊಬ್ಬರ, ಒಂದು ಗ್ಯಾಸ್ ಸಿಲಿಂಡರ್. ಚಾಲಕರು ಎಲ್ಲರ ಮನೆಯ ವಿಷಯ ಬಲ್ಲವರು. ಯಾರ ಔಷಧಿ ಮುಗಿದಿದೆ, ಯಾರ ಮಗನಿಗೆ ಪರೀಕ್ಷೆ, ಯಾರ ಮನೆಯ ಸಿಲಿಂಡರ್ ಮೇಲಿನ ತಿರುವಿನಲ್ಲಿ ಇಳಿಸಬೇಕು. ಸರ್ಕಾರದ ಯಾವ ಕಡತದಲ್ಲೂ ಈ ಮನುಷ್ಯ ಇಲ್ಲ, ಆದರೆ ಆ ಊರಿನ ಪಡಿತರ, ಅಂಚೆ, ಔಷಧಿ, ಶಾಲೆ ಎಲ್ಲವೂ ಇವರ ಕ್ಲಚ್ಚಿನ ಮೇಲೆ ನಿಂತಿದೆ.

ಅಂಗನವಾಡಿಯ ಜಗಲಿಯಲ್ಲಿ ಲಸಿಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗುಡ್ಡ ಎಂದರೆ ಏನು ಎಂಬುದು ನನಗೆ ಅರ್ಥವಾದದ್ದು ಈ ಪೆಟ್ಟಿಗೆಯಿಂದ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಆರೋಗ್ಯ ಕೇಂದ್ರದ ಐಸ್ ಹೊದಿಕೆಯ ಫ್ರಿಜ್ಜಿಗೆ ದಿನಕ್ಕೆ ಎಂಟು ಗಂಟೆ ವಿದ್ಯುತ್ ಸಿಕ್ಕರೂ ಸಾಕು, ಹಾಗೆಯೇ ಅದನ್ನು ಮಾಡಿದ್ದಾರೆ. ಕಕ್ಕಡದಲ್ಲಿ ಆ ಎಂಟು ಗಂಟೆಗೂ ಕಷ್ಟ. ಮರ ಬಿದ್ದು ತಂತಿ ಹರಿದರೆ ಲೈನ್‌ಮ್ಯಾನ್ ಕಾಡಿನೊಳಗೆ ಕಂಬ ಹುಡುಕಿಕೊಂಡು ಹೋಗಬೇಕು. ಅದನ್ನು ಹೇಗೋ ದಾಟಿದರೆ ಮುಂದಿನ ಗಂಟು ಬಾಟಲಿಯದು. ದಡಾರ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ದ್ರಾವಣ ಬೆರೆಸಬೇಕು. ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ಪೇಟೆಯಲ್ಲಿ ಮಕ್ಕಳು ಸಾಲಾಗಿ ಬರುತ್ತಾರೆ. ಇಲ್ಲಿ ಆ ದಿನ ದಡಾರದ ವಯಸ್ಸಿಗೆ ಬಂದ ಮಕ್ಕಳು ಇಬ್ಬರು. ಒಂದು ಜಗಲಿಯಲ್ಲಿತ್ತು. ಇನ್ನೊಂದು ತೋಡಿನ ಆಚೆ, ತೋಡು ತುಂಬಿ ಹರಿಯುತ್ತಿತ್ತು.

“ಒಡೆಯಲೇ ಸಿಸ್ಟರ್?” ಎಂದು ಕಿರಿಯ ಸಿಸ್ಟರ್ ಕೇಳಿದರು. ವ್ಯರ್ಥವಾದ ಡೋಸಿಗೆ ಮೇಲಿನವರು ಕಾರಣ ಕೇಳುತ್ತಾರೆ ಎಂಬ ಅಂಜಿಕೆ ದನಿಯಲ್ಲಿತ್ತು. ಒಂದೇ ಮಗುವಿದ್ದರೂ ಬಾಟಲಿ ಒಡೆಯಬೇಕು ಎಂಬುದು ನಿಯಮ. “ಒಡಿ. ಒಡೆದು ನಡಿ. ನಾಲ್ಕು ಗಂಟೆ ಇದೆಯಲ್ಲ” ಎಂದರು ದೊಡ್ಡಮ್ಮ.

ತೋಡನ್ನು ಕೆಳಗೆ ದಾಟಲಾಗದೆ ಮೇಲೆ ಮರದ ದಿಮ್ಮಿಯ ಕಾಲುಸೇತುವೆಯ ತನಕ ಹತ್ತಿದೆವು. ಅಂಗನವಾಡಿಯಿಂದ ನೋಡಿದರೆ ಕೈಚಾಚಿದಷ್ಟು ದೂರದಲ್ಲಿ ಕಾಣುತ್ತಿದ್ದ ಮನೆ ತಲುಪಲು ಒಂದು ಗಂಟೆಯ ಮೇಲಾಯಿತು. ಆಶಾ ಕಾರ್ಯಕರ್ತೆ ಮುಂದೆ, ಪೆಟ್ಟಿಗೆ ಹೊತ್ತ ಸಿಸ್ಟರ್ ನಡುವೆ, ಜಿಗಣೆ ಕೀಳುತ್ತಾ ನಾನು ಹಿಂದೆ. ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ಸಾಮಾನ್ಯ ನಿಯಮ. ಬಯಲುಸೀಮೆಯಲ್ಲಿ ಸಾವಿರ ಜನ ಎಂದರೆ ನಾಲ್ಕು ಬೀದಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ. ಇಲ್ಲಿ ಅವರ ಒಂದು ಸುತ್ತಿಗೆ ವಾರ ಸಾಲುವುದಿಲ್ಲ.

ಕೊಡಗಿನ ಊರು ಊರಿನಂತಿಲ್ಲ ಎಂಬುದೇ ಎಲ್ಲದರ ಬುಡ. ಮಧ್ಯದಲ್ಲಿ ಅರಳಿಕಟ್ಟೆ, ಸುತ್ತ ಕೇರಿ, ಹೊರಗೆ ಹೊಲ, ಇದು ನಮ್ಮ ಮೈಸೂರು ಸೀಮೆಯ ಚಿತ್ರ. ಇಲ್ಲಿ ಪ್ರತಿ ಒಕ್ಕದ (ಕುಲದ) ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ಅದರದೇ ಗದ್ದೆಯ ತಲೆಯಲ್ಲಿ, ಅದರದೇ ತೋಟದ ನಡುವೆ ಒಂಟಿಯಾಗಿ ನಿಂತಿರುತ್ತದೆ. ಒಂದು ಮನೆಗೆ ಬೆಳಕು ಕೊಡಲು ಹತ್ತಾರು ಕಂಬ ಬೇಕು, ಒಂದು ಮನೆಗೆ ನಲ್ಲಿ ನೀರು ಕೊಡಲು ಒಂದು ಗುಡ್ಡದಷ್ಟು ಪೈಪು. ಸರ್ಕಾರದ ಯೋಜನೆಗಳನ್ನು ಬರೆಯುವವರ ಕಣ್ಣ ಮುಂದೆ ಇರುವುದು ಅರಳಿಕಟ್ಟೆಯ ಊರು. ಕೇಂದ್ರದ ಗ್ರಾಮ ಸಡಕ್ ಯೋಜನೆ 500 ಜನರಿದ್ದ ವಸತಿಗೆ ರಸ್ತೆ ಎಂದು ಶುರುವಾಯಿತು. ಗುಡ್ಡಗಾಡು ರಾಜ್ಯಗಳಿಗೆ ಅದು 250. ಹಿಮಾಚಲ, ಉತ್ತರಾಖಂಡ ಗುಡ್ಡಗಾಡು ರಾಜ್ಯಗಳು, ಸರಿ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ತಡಿಯಂಡಮೋಳ್ 1,748 ಮೀಟರ್ ಎತ್ತರದಲ್ಲಿ ನಿಂತುಕೊಂಡು ಸಮತಟ್ಟು ರಾಜ್ಯವೊಂದರ ಭಾಗವಾಗಿದೆ.

ಮಗುವಿಗೆ ಚುಚ್ಚಿದ ಮೇಲೆ ಆ ಮನೆಯ ಅಜ್ಜಿ ನಮ್ಮನ್ನು ಬಿಡಲಿಲ್ಲ. ಅಕ್ಕಿ ರೊಟ್ಟಿ, ಬೈಂಬಳೆ ಸಾರು. ಕಣಿಲೆಯನ್ನು (ಎಳೆ ಬಿದಿರನ್ನು) ನೀರು ಬದಲಿಸಿ ಬದಲಿಸಿ ನೆನೆಸಿದ್ದರೂ ಉಳಿದಿದ್ದ ಆ ಹುಳಿವಾಸನೆ ನನಗೆ ಎರಡನೆಯ ತುತ್ತಿನಿಂದ ಇಷ್ಟವಾಯಿತು. ಅಜ್ಜಿ ದೊಡ್ಡಮ್ಮನ ಕೈ ಹಿಡಿದುಕೊಂಡೇ ಕೂತಿದ್ದರು. ಈ ಮಗುವಿನ ಅಪ್ಪ ಹುಟ್ಟಿದ್ದು ದೊಡ್ಡಮ್ಮನ ಕೈಯಲ್ಲಂತೆ, ಇದೇ ಮನೆಯ ಒಳಕೋಣೆಯಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ರಾತ್ರಿ. “ಈಗ ಹಾಗೆ ಮಾಡಲು ಬಿಡುವುದಿಲ್ಲ” ಎಂದರು ಕಿರಿಯ ಸಿಸ್ಟರ್. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದ್ದರಿಂದ ಮಳೆಗಾಲದಲ್ಲಿ ದಿನ ತುಂಬುವ ಬಸುರಿಯರ ಪಟ್ಟಿ ಮೇ ತಿಂಗಳಲ್ಲೇ ತಯಾರಾಗುತ್ತದೆ. ಪೇಟೆಯಲ್ಲಿ ನೆಂಟರಿದ್ದವರು ಹತ್ತು ಹದಿನೈದು ದಿನ ಮೊದಲೇ ಹೋಗಿ ಕೂರುತ್ತಾರೆ. ನೆಂಟರಿಲ್ಲದ ಕೂಲಿಯವರ ಮನೆಯ ಹುಡುಗಿ ಎಲ್ಲಿ ಕೂರಬೇಕು ಎಂಬ ನನ್ನ ಪ್ರಶ್ನೆಗೆ ಸಿಸ್ಟರ್ ಜೀಪು ಚಾಲಕರ ನಂಬರು ತೋರಿಸಿದರು. ಅವರ ಮೊಬೈಲಿನಲ್ಲಿ ಅದು ‘ಹೆರಿಗೆ ಜೀಪು’ ಎಂದೇ ಇತ್ತು. ಕರ್ನಾಟಕದಲ್ಲಿ 2008ರಿಂದ 108 ಇದೆ, ಟಾರು ರಸ್ತೆಯವರೆಗೆ ಅದು ಚೆನ್ನಾಗಿಯೇ ಬರುತ್ತದೆ.

ಇಳಿಯುವಾಗ ತಿರುವೊಂದರಲ್ಲಿ ಕೊಡೆಗಳ ಗುಂಪು. ಬಂಡೆಯ ಮೇಲೆ ಪಡಿತರ ಅಂಗಡಿಯ ಯಂತ್ರ. ಅಂಗಡಿ ಅರ್ಧ ಕಿಲೋಮೀಟರ್ ಕೆಳಗೆ, ಆದರೆ ಸಿಗ್ನಲ್ ಸಿಗುವುದು ಈ ತಿರುವಿನಲ್ಲಿ. ಇಲ್ಲಿ ಹೆಬ್ಬೆಟ್ಟು ಒತ್ತಿ, ಚೀಟಿ ಪಡೆದು, ಕೆಳಗೆ ಹೋಗಿ ಅಕ್ಕಿ ತರಬೇಕು. ತೋಟದಲ್ಲಿ ಕಳೆ ಕಿತ್ತು, ಮೆಣಸು ಬಿಡಿಸಿ ರೇಖೆ ಸವೆದ ಬೆರಳುಗಳನ್ನು ಯಂತ್ರ ಗುರುತಿಸುವುದಿಲ್ಲ. ನೆನೆದ ಬೆರಳನ್ನಂತೂ ಇಲ್ಲವೇ ಇಲ್ಲ. ಒಬ್ಬ ಮುದುಕಪ್ಪ ಲುಂಗಿಯ ತುದಿಯಲ್ಲಿ ಬೆರಳು ಉಜ್ಜಿ ಉಜ್ಜಿ ಒತ್ತುತ್ತಿದ್ದರು. ಕೊನೆಗೆ ಬಂದ ಹಸಿರು ದೀಪಕ್ಕೆ ಸುತ್ತ ನಿಂತವರೆಲ್ಲ “ಹಾ” ಎಂದರು. ಅಕ್ಕಿ ಪುಕ್ಕಟೆ, ಆದರೆ ಅವರು ಒಮ್ಮೆ ಬಂದು ಸರ್ವರ್ ಇಲ್ಲವೆಂದು ವಾಪಸು ಹೋಗಿದ್ದರು. ಎರಡು ಸಲದ ಜೀಪು ಬಾಡಿಗೆ ಸೇರಿಸಿದರೆ ಆ ಅಕ್ಕಿಗೆ ಎಷ್ಟು ಬೆಲೆ ಬಿತ್ತು ಎಂದು ಯಾರೂ ರಸೀದಿ ಕೊಡುವುದಿಲ್ಲ.

ಶುಕ್ರವಾರ, ಭಾಗಮಂಡಲ ದಾಟಿ ಕರಿಕೆಗೆ

ಶುಕ್ರವಾರ ಮಡಿಕೇರಿಯ ಸಂತೆ. ನಮ್ಮೆದುರು ಬರುವ ಬಸ್ಸುಗಳೆಲ್ಲ ತುಂಬಿದ್ದವು, ನಮ್ಮದು ಖಾಲಿ. ಸಂತೆಯ ದಿನ ಪೇಟೆಗೆ ಬಂದವರು ಬ್ಯಾಂಕು, ತಾಲ್ಲೂಕು ಕಚೇರಿ, ಹಲ್ಲುನೋವು ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ಮುಗಿಸುತ್ತಾರೆ. ಆ ದಿನ ಅಧಿಕಾರಿ ‘ಮೀಟಿಂಗ್’ನಲ್ಲಿದ್ದರೆ ಮತ್ತೊಂದು ಶುಕ್ರವಾರ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮ ಉಕ್ಕಿತ್ತು. ಮೊದಲೆಲ್ಲ ಈ ಹೊತ್ತಿಗೆ ರಸ್ತೆ ಮುಳುಗಿ ಊರು ದ್ವೀಪವಾಗುತ್ತಿತ್ತು, ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದರು. ಈಗ ಮೇಲ್ಸೇತುವೆ ಇದೆ. ಕಾಮಗಾರಿ ಎಳೆದಾಡಿದ್ದಕ್ಕೆ ಬೈದವರೂ ಈಗ ಅದರ ಮೇಲೆ ನಿಂತು ಪ್ರವಾಹದ ಫೋಟೋ ತೆಗೆಯುತ್ತಾರೆ. ಒಳ್ಳೆಯದೇ ಆಯಿತು. ಪಶ್ಚಿಮಕ್ಕೆ ನೋಡಿದರೆ ಮೋಡದೊಳಗೆ ಬ್ರಹ್ಮಗಿರಿ. 2020ರ ಆಗಸ್ಟ್‌ನಲ್ಲಿ ಆ ಬೆಟ್ಟ ಜಾರಿ ತಲಕಾವೇರಿಯ ಅರ್ಚಕರ ಕುಟುಂಬವನ್ನೇ ನುಂಗಿತ್ತು. ದೊಡ್ಡಮ್ಮ ಕೈಮುಗಿದರು, ಏನೂ ಹೇಳಲಿಲ್ಲ.

ಭಾಗಮಂಡಲದಿಂದ ಕರಿಕೆಗೆ ಕಾಡಿನ ನಡುವೆ ಘಾಟಿ ಇಳಿಯುವ ರಸ್ತೆ. ಒಂದು ಕಡೆ ಬರೆ ಜರಿದು ಅರ್ಧ ರಸ್ತೆಯಲ್ಲಿ ಮಣ್ಣು, ಜೆಸಿಬಿ ಕೆಲಸ ಮಾಡುತ್ತಿತ್ತು. ಇಳಿದಂತೆ ಸೆಕೆ ಹೆಚ್ಚಿತು, ಕಾಫಿ ಹೋಗಿ ರಬ್ಬರು ಬಂತು, ಅಂಗಡಿಯ ಫಲಕಗಳಲ್ಲಿ ಮಲಯಾಳ ಬಂತು. ಕರಿಕೆ ಮಡಿಕೇರಿ ತಾಲ್ಲೂಕಿನ ಊರು, ತಾಲ್ಲೂಕು ಕೇಂದ್ರ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಮೇಲೆ, ಮೋಡದ ಆಚೆ. ಪಕ್ಕದಲ್ಲೇ ಕೇರಳದ ಪಾಣತ್ತೂರು. ಅಲ್ಲಿಂದ ಕಾಞಂಗಾಡಿಗೆ ಒಳ್ಳೆಯ ರಸ್ತೆ, ಬೇಕಾದಷ್ಟು ಬಸ್ಸು, ಆಸ್ಪತ್ರೆ.

ಚಹಾದಂಗಡಿಯಲ್ಲಿ ಅರೆಭಾಷೆಯ ಗೌಡರೊಬ್ಬರು ಸಿಕ್ಕರು, ರಬ್ಬರ್ ಕೃಷಿಕರು. “ನಮ್ಮ ಮತ ಮಡಿಕೇರಿಗೆ, ನಮ್ಮ ಹೊಟ್ಟೆನೋವು ಕಾಞಂಗಾಡಿಗೆ” ಎಂದರು. ಜಾತಿ ಪ್ರಮಾಣಪತ್ರಕ್ಕೆ ಘಾಟಿ ಹತ್ತಬೇಕು, ಸ್ಕ್ಯಾನಿಂಗ್‌ಗೆ ಘಾಟಿ ಇಳಿಯಬೇಕು. ತುರ್ತಿಗೆ 108 ಒತ್ತಿದರೆ ಮೊಬೈಲು ಯಾವ ರಾಜ್ಯದ ಟವರಿನಲ್ಲಿದೆಯೋ ಆ ರಾಜ್ಯದವರು ಎತ್ತುತ್ತಾರೆ, ಮಲಯಾಳದಲ್ಲಿ ವಿಳಾಸ ಹೇಳಿ ಮುಗಿಸಿದ ಮೇಲೆ ‘ನೀವು ಕರ್ನಾಟಕದವರಲ್ಲವೇ’ ಎಂಬ ಮಾತು ಬರುತ್ತದೆ ಎಂದು ಅವರ ದೂರು. ಆದ್ದರಿಂದ ಅವರು 108 ಒತ್ತುವುದಿಲ್ಲ, ಪರಿಚಯದ ಆಟೋದವರನ್ನು ಕರೆಯುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕ ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತಲ್ಲ, ಆಗ ತಲಪಾಡಿಯ ಸುದ್ದಿಯನ್ನು ಇಡೀ ದೇಶ ಓದಿತು. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಸಂಕಟ ಅದು. ಇಲ್ಲಿ ಅದರ ತದ್ವಿರುದ್ಧ. ನಮ್ಮ ರಾಜ್ಯ ಹಾಕಿದ ಮಣ್ಣು ನಮ್ಮ ಊರನ್ನೇ ಅದರ ಆಸ್ಪತ್ರೆಯಿಂದ ಬೇರೆ ಮಾಡಿತ್ತು. ಸಂಪಾಜೆ, ಪೆರಾಜೆ, ಚೆಂಬು ಕಡೆಯವರು ಇದೇ ರೀತಿ ಸುಳ್ಯವನ್ನು ನಂಬಿದವರು. ದಕ್ಷಿಣದಲ್ಲಿ ಕುಟ್ಟದವರಿಗೆ ವಯನಾಡಿನ ಮಾನಂದವಾಡಿ ಹತ್ತಿರ. ಜಿಲ್ಲೆಯ ಅಂಚಿನ ಊರುಗಳೆಲ್ಲ ಹೊರಗೆ ಮುಖ ಮಾಡಿ ಕೂತಿವೆ. ಇದರಲ್ಲಿ ಅಭಿಮಾನಭಂಗದ ಮಾತೇನೂ ನನಗೆ ಕಾಣುವುದಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ, ರೋಗಿಯೂ ಅಷ್ಟೇ. ಎರಡು ಸರ್ಕಾರಗಳು ಕೂತು ಆ ಆಸ್ಪತ್ರೆಯ ಬಿಲ್ಲನ್ನು ಯಾರು ಕಟ್ಟುವುದು, ಆ ಆಂಬುಲೆನ್ಸ್ ಎಲ್ಲಿಯವರೆಗೆ ಬರುವುದು ಎಂದು ಬರೆದುಕೊಂಡರೆ ಸಾಕಿತ್ತು.

ಅಂಚೆಯವರನ್ನೂ ಕಂಡೆವು. ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಣ್ಣ ಯಂತ್ರ. 2018ರ ಸೆಪ್ಟೆಂಬರ್‌ನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಮನೆಬಾಗಿಲಲ್ಲೇ ಹಣ ತೆಗೆದುಕೊಡಬಹುದು. ಬಂದ ಪಿಂಚಣಿಯನ್ನು ತೆಗೆಯಲು ಪೇಟೆಗೆ ಹೋಗಿ ಬರುವ ಅಜ್ಜಿಯರಿಗೆ ಇದು ನಿಜವಾದ ಉಪಕಾರ. ಈ ಪ್ರಯಾಣದಲ್ಲಿ ಸೇವೆಯೇ ನಡೆದುಕೊಂಡು ಮನೆಗೆ ಬಂದದ್ದನ್ನು ನಾನು ನೋಡಿದ್ದು ಎರಡು ಕಡೆ, ಲಸಿಕೆ ಪೆಟ್ಟಿಗೆ ಮತ್ತು ಈ ಚೀಲ.

ಶನಿವಾರ, ಕಕ್ಕಬ್ಬೆ

ನಾಪೋಕ್ಲು ದಾಟಿ ಕಕ್ಕಬ್ಬೆ, ಅಲ್ಲಿಂದ ಯವಕಪಾಡಿಯ ಕಡೆಗೆ. ನಾಲ್ಕುನಾಡು ಅರಮನೆಗೆ ಹೋಗುವ ದಾರಿ ಚೆನ್ನಾಗಿದೆ. ತಡಿಯಂಡಮೋಳ್ ಹತ್ತಲು ಬರುವವರ ಕಾರು, ಹೋಂಸ್ಟೇಗಳ ಫಲಕ. ಪ್ರವಾಸಿ ಹೋಗುವವರೆಗೆ ಟಾರು, ಆಮೇಲೆ ಕಲ್ಲು ಎಂಬುದು ನಾನು ಕಂಡುಕೊಂಡ ಸೂತ್ರ. ಯಾರಾದರೂ ಅಲ್ಲವೆಂದು ತೋರಿಸಿದರೆ ಸಂತೋಷ.

ಕಲ್ಲುದಾರಿಯ ಮೇಲೆ ಕುಡಿಯ ಬುಡಕಟ್ಟಿನವರ ಮನೆಗಳು. ಬೈನೆ ಮರ, ಏಲಕ್ಕಿ, ಜೇನು ಇವರ ಹಳೆಯ ಬದುಕು. ಒಂದು ಮನೆಯ ಹಿಂದೆ ಝರಿಯ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸುತ್ತಿದ್ದರು. ಸುಮಾರು ಒಂದು ಕಿಲೋವ್ಯಾಟ್‌ನ ಯಂತ್ರ, ಬಲ್ಬುಗಳಿಗೂ ಟಿವಿಗೂ ಮೊಬೈಲಿಗೂ ಸಾಕು. ಸಹ್ಯಾದ್ರಿಯ ಉದ್ದಕ್ಕೂ ಒಂಟಿ ಮನೆಗಳಲ್ಲಿ ಇಂಥವು ಇವೆ. ಕಂಬದ ಲೈನು ಮಳೆಗೆ ಬೀಳುತ್ತದೆ, ಇದು ಮಳೆಗೆ ಜೋರಾಗುತ್ತದೆ. ಕೆಳಗಿನ ಹೋಂಸ್ಟೇಯಲ್ಲಿ ಜನರೇಟರ್ ಗುಡುಗುತ್ತಿದ್ದಾಗ ಇಲ್ಲಿ ಮಕ್ಕಳು ದೀಪದಡಿ ಕೂತು ಬರೆಯುತ್ತಿದ್ದರು. ಬೇಸಿಗೆಯಲ್ಲಿ ಝರಿ ಬತ್ತಿದರೆ ಇವರು ಕತ್ತಲೆಗೆ, ಅವರು ಬೆಳಕಿಗೆ. ನೆಲಕ್ಕೆ ತಕ್ಕ ಉಪಾಯ ಎಂದರೆ ಇದು ಎಂದು ನಾನು ಹೊಗಳತೊಡಗಿದೆ. ಮನೆಯಾತ ತಡೆದರು. “ಸರಿ, ಆದರೆ ಇದು ಕೆಟ್ಟರೆ ರಿಪೇರಿಯವರು ಬೇರೆ ಜಿಲ್ಲೆಯಿಂದ ಬರಬೇಕು.”

ಶಾಲೆ ವಿಚಾರಿಸಿದೆ. ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಎಂಬುದು ಶಿಕ್ಷಣ ಹಕ್ಕು ಕಾಯಿದೆಯಡಿಯ ನಿಯಮ. ಮಕ್ಕಳು ಹಾಸ್ಟೆಲಿನಲ್ಲಿದ್ದಾರೆ, ಚಿಕ್ಕವರು ಮಾತ್ರ ಮನೆಯಲ್ಲಿ. ಆನ್‌ಲೈನ್ ತರಗತಿಯ ಕಾಲದಲ್ಲಿ ಇದೇ ಜಿಲ್ಲೆಯ ಶಾಲಾ ಶಿಕ್ಷಕರೊಬ್ಬರು ಸಿಗ್ನಲ್ಲಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಾವೆಲ್ಲ ಮೆಚ್ಚಿ ಹಂಚಿಕೊಂಡೆವು. ಶಿಕ್ಷಕರು ಮರ ಹತ್ತಬೇಕಾಗಿ ಬಂತಲ್ಲ ಎಂದು ಬೇಸರಿಸಿದವರು ಕಡಿಮೆ.

ಭಾನುವಾರ, ಗೋಣಿಕೊಪ್ಪ

ವಿರಾಜಪೇಟೆಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಗೋಣಿಕೊಪ್ಪದ ಸಂತೆಗೆ ಬಂದೆವು. ಇದು ಬೇರೆಯೇ ಕೊಡಗು. ಗುಡ್ಡ ತಗ್ಗು, ತೋಟ ದೊಡ್ಡದು, ಪೂರ್ವಕ್ಕೆ ನಾಗರಹೊಳೆಯ ಕಾಡು. ಇಲ್ಲಿ ಸೇವೆ ದೂರವಿಲ್ಲ. ಆರೋಗ್ಯ ಕೇಂದ್ರ, ಬ್ಯಾಂಕು, ಕಚೇರಿ ಎಲ್ಲ ಸಂತೆಯ ಸುತ್ತಮುತ್ತಲೇ. ಅಂತರ ಇರುವುದು ಬೇರೆ ಕಡೆ.

ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಎರವ, ಕುರುಬ ಬುಡಕಟ್ಟಿನವರು, ಅಸ್ಸಾಮಿನಿಂದ ಬಂದ ಕಾರ್ಮಿಕರು, ಎಲ್ಲರೂ ಶನಿವಾರದ ಬಟವಾಡೆ ಹಿಡಿದು ಭಾನುವಾರದ ಸಂತೆಗೆ ಬರುತ್ತಾರೆ. ತೋಟದ ಪಿಕಪ್ಪುಗಳೇ ಕರೆತರುತ್ತವೆ. ವಾರದಲ್ಲಿ ಅವರು ಪೇಟೆಗೆ ಬರುವ ಒಂದೇ ದಿನ ಇದು, ಪೇಟೆಯ ಎಲ್ಲ ಕಚೇರಿಗಳಿಗೂ ಬೀಗ ಬೀಳುವ ದಿನವೂ ಇದೇ. ಆಧಾರ್ ತಿದ್ದುಪಡಿಗೆ, ಪಡಿತರ ಚೀಟಿಗೆ, ಹೊರರೋಗಿ ವಿಭಾಗಕ್ಕೆ ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಲೈನ್ ಮನೆ ತೋಟದ ಮಾಲೀಕರದು. ವಿಳಾಸದ ದಾಖಲೆ ಕೇಳಿದರೆ ಕೊಡಲು ಏನಿದೆ?

ಕಾಡಿನ ಅಂಚಿನ ಹಾಡಿಯಿಂದ (ಬುಡಕಟ್ಟಿನವರ ಕೇರಿಯಿಂದ) ಬಂದ ಯುವಕನೊಬ್ಬ ಚೆನ್ನಾಗಿ ಮಾತಾಡಿದ. ಅರಣ್ಯ ಹಕ್ಕು ಕಾಯಿದೆ 2006ರದು ಎಂದು ನಾನು ಶುರುಮಾಡುವಷ್ಟರಲ್ಲಿ ಅವನೇ ಕಲಮು ಹೇಳಿದ, ಮೂರನೆಯ ಕಲಮಿನ ಎರಡನೆಯ ಉಪಕಲಮು. ಶಾಲೆ, ಅಂಗನವಾಡಿ, ಔಷಧಾಲಯ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಸೇರಿ ಹದಿಮೂರು ಸೌಕರ್ಯಗಳಿಗೆ ಅರಣ್ಯದ ನೆಲ ಕೊಡಬಹುದು. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆ ಶಿಫಾರಸು ಮಾಡಬೇಕು. “ಶಿಫಾರಸು ಮಾಡಿಯಾಗಿದೆ ಸಾರ್. ಅರ್ಜಿಯ ಜೆರಾಕ್ಸೇ ಹಳದಿಯಾಗಿದೆ.” ಅವನ ಹಾಡಿಯಲ್ಲಿ ಸೌರ ದೀಪ ಇದೆ. ಕಕ್ಕಡದಲ್ಲಿ ಬಿಸಿಲೆಲ್ಲಿ?

ದೊಡ್ಡಮ್ಮ ಈ ಹೊತ್ತಿಗೆ ಒಣಮೀನಿನ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ತಮ್ಮ ರಕ್ತದೊತ್ತಡದ ಯಂತ್ರ ತೆರೆದು ಕೂತಿದ್ದರು. ಯಾರೂ ಕರೆದಿರಲಿಲ್ಲ. ಹಳೆಯ ಪರಿಚಯದ ಒಬ್ಬ ಹೆಂಗಸು ತಲೆಸುತ್ತು ಎಂದದ್ದೇ ನೆಪ. ಆ ಹೆಂಗಸಿನ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಇನ್ನೊಮ್ಮೆ ನೋಡಿದರು. ಮುಖ ಬಿಗಿಯಿತು.

“ಇದು ಬಹಳ ಹೆಚ್ಚಿದೆ. ನಾಳೆಯೇ ಆಸ್ಪತ್ರೆಗೆ ಹೋಗು.”

“ನಾಳೆ ಸೋಮವಾರ ಸಿಸ್ಟರ್, ಕೆಲಸ ಇದೆ. ತೋಟದ ರೈಟರ್ ಬೆಳಿಗ್ಗೆಯೇ ಹಾಜರಿ ಪುಸ್ತಕದಲ್ಲಿ ಹೆಸರು ಹಾಕುತ್ತಾರೆ.”

“ಹಾಗಾದರೆ ಯಾವಾಗ ಹೋಗುತ್ತೀಯ?”

“ಬರುವ ಭಾನುವಾರ.”

ದೊಡ್ಡಮ್ಮ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತೋಟದ ಹೆಸರು, ಲೈನಿನ ನಂಬರು ಬರೆದುಕೊಂಡು, ಅವರಿವರಿಗೆ ಫೋನು ಮಾಡಿ ಆ ಭಾಗದ ಆಶಾ ಕಾರ್ಯಕರ್ತೆಯನ್ನು ಹುಡುಕಿ ಹಿಡಿದರು. ನಾಳೆ ಆ ಲೈನಿಗೆ ಹೋಗಬೇಕು, ಮಾತ್ರೆಗೆ ವೈದ್ಯರನ್ನು ಕೇಳಿ ಹೋಗಬೇಕು, ಕೆಲಸ ಬಿಟ್ಟು ಬಂದ ಮೇಲೆ ಹೋಗಬೇಕು, ಹಗಲಲ್ಲಿ ಹೋದರೆ ಯಾರೂ ಸಿಗುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

“ಆರರ ಮೇಲೆ ಆ ದಾರಿಯಲ್ಲಿ ಆನೆ ಇರುತ್ತದೆ ಸಿಸ್ಟರ್. ಐದಕ್ಕೆ ಹೋಗಿ ಬೇಗ ಬಂದುಬಿಡುತ್ತೇನೆ.”